ಬಲಗಡೆಯ ಗುಂಡಿ

ತುರುವನೂರು, ೧೯೭೯

ರೇಡಿಯೊ ರಿಪೇರಿ ತಿಪ್ಪೇರುದ್ರಪ್ಪನವರಿಗೆ ಚಿತ್ತಮ್ಮನ ನಮಸ್ಕಾರಗಳು.

ನಮ್ಮ ಟಿವಿ ಆಟದ ಪೆಟ್ಟಿಗೆ ಹಳೆಯದಾಗಿ ಎರಡೂ ಗುಂಡಿ ಸವೆದಿವೆ, ಹೊಸ ಸಾಮಾನು ಸಿಗುವುದಿಲ್ಲ, ಒಂದನ್ನು ಬಿಚ್ಚಿದರೆ ಇನ್ನೊಂದನ್ನು ಸರಿಮಾಡಬಹುದು, ಯಾವುದು ಬೇಕು ಎಂದು ಕೇಳಿದ್ದೀರಿ.

ಟಿವಿಯನ್ನೂ ಆ ಪೆಟ್ಟಿಗೆಯನ್ನೂ ತಂದವನು ಹಡಗಿನ ಕೆಲಸದಲ್ಲಿದ್ದ ನಮ್ಮಣ್ಣ ಜುಂಜಣ್ಣ. ರಜೆಗೆ ಬಂದಾಗಲೆಲ್ಲ ಎಡಗಡೆಯ ಗುಂಡಿ ಅಪ್ಪ, ಬಲಗಡೆಯದು ಅವನು ಹಿಡಿದು ತಿರುಗಿಸುತ್ತ ಟಿವಿ ಪರದೆಯ ಮೇಲೆ ಚೆಂಡಾಟ ಆಡುತ್ತಿದ್ದರು. ಹೋದ ವರ್ಷ ಅವನು ಹಡಗಿನಲ್ಲೇ ಜ್ವರ ಬಂದು ತೀರಿಕೊಂಡ. ಮುಖ ನೋಡಲೂ ನಮಗೆ ಸಿಗಲಿಲ್ಲ.

ಇನ್ನು ಆಡುವವರು ಅಪ್ಪ ಒಬ್ಬರೇ, ಎಡಗಡೆಯದೇ ಉಳಿಯಲಿ ಎಂದೆ. ಅಪ್ಪ ಒಪ್ಪಲಿಲ್ಲ.

"ನಂದು ಬಿಚ್ಚಿ ಅವಂದು ಸರಿಮಾಡ್ಲಿ ಅಂತ ಬರಿಯವ್ವ. ಅವಂದು ಕೆಟ್ಟಿರಬಾರ್ದು" ಎಂದರು.

ದಯವಿಟ್ಟು ಹಾಗೇ ಮಾಡಿಕೊಡಿ. ಪೆಟ್ಟಿಗೆ ಒಯ್ಯಲು ಅಪ್ಪನೇ ಬರುತ್ತಾರೆ. ಯಾರು ಆಡುತ್ತಾರೆಂದು ಅವರನ್ನು ಕೇಳಬೇಡಿ.

ಇಂತಿ,
ಚಿತ್ತಮ್ಮ