ಗುಡ್ಡದ ಅಂಚಿನಲ್ಲಿ ನಿಮ್ಮ ಕಣ್ಣು ಪರದೆಯ ಮೇಲಿತ್ತು

ರೀ,

ಕಾಗದದ ಮೊದಲಲ್ಲಿ ಕ್ಷೇಮ ವಿಚಾರಿಸಬೇಕಂತೆ. ನಾನು ವಿಚಾರಿಸುವುದಿಲ್ಲ. ಮೊನ್ನೆ ನಿಮ್ಮ ವರ್ಷದ ಕಾರ್ಯ ಮುಗಿಯಿತು. ಬಂದವರೆಲ್ಲ ಫೋಟೊಗೆ ಕೈಮುಗಿದು, ದೇವರಂಥ ಮನುಷ್ಯ ಎಂದು ಹೇಳಿ, ಊಟ ಮಾಡಿಕೊಂಡು ಹೋದರು. ನನಗೆ ಮಾತ್ರ ನಿಮ್ಮ ಜೊತೆ ಜಗಳ ಬಾಕಿ ಇದೆ.

ನೀವು ಹೋದದ್ದರ ಹಿಂದಿನ ದಿನ ಮಧ್ಯಾಹ್ನ ಚಿಂತಾಮಣಿಯ ನಮ್ಮ ಸ್ಟುಡಿಯೊದಲ್ಲಿ ಕೂತು, ಮಂಡಿಕಲ್ ಕಡೆಯ ಆ ಗುಡ್ಡದ ನಕ್ಷೆಯನ್ನು ಟ್ಯಾಬ್‌ನಲ್ಲಿ ತೆರೆದಿದ್ದೆ, ನೆನಪಿದೆಯಾ? ಗುಡ್ಡದ ಬುಡದಲ್ಲಿ ಎದ್ದ ಹೊಸ ಲೇಔಟಿನ ಜಾಹೀರಾತು ಅದು. ಡ್ರೋನ್ ಸುತ್ತು ಹಾಕಬೇಕು, ಕ್ಯಾಮೆರಾ ಮಾತ್ರ ಲೇಔಟಿನ ಕಮಾನು ಬಿಟ್ಟು ಕದಲಬಾರದು. ಅದು ಹೋಗುವ ದಾರಿಯುದ್ದಕ್ಕೂ ಒಂದೊಂದೇ ಬಿಂದು ಇಟ್ಟೆ. ಪ್ರತಿ ಬಿಂದುವಿಗೂ ಎತ್ತರ ಕೊಟ್ಟೆ. ಕಮಾನನ್ನು ಗುರಿಯೆಂದು ಗುರುತು ಮಾಡಿದೆ. ನೀವು ಹಾರಿಸುವುದು ಗುಡ್ಡದ ಮೇಲಿನಿಂದ, ಗುರಿ ಇರುವುದು ಕೆಳಗೆ. ಆ ಲೆಕ್ಕ ಬಿಟ್ಟರೆ ಕ್ಯಾಮೆರಾ ಕಮಾನಿನ ಮೇಲಿನ ಬರೀ ಆಕಾಶ ನೋಡುತ್ತದೆ ಎಂದು ಅದನ್ನೂ ಸರಿಮಾಡಿದೆ. "ಬಟನ್ ಒತ್ತಿ ಸುಮ್ನೆ ಕೂತ್ಕೊಳ್ಳಿ. ಅದೇ ಸುತ್ತು ಹಾಕ್ಕೊಂಡು ಬರುತ್ತೆ," ಎಂದೆ. ನೀವು ನಕ್ಕಿರಿ. "ಕೂತ್ಕೊಂಡು ಹಾರ್ಸೋದಾದ್ರೆ ನಾನ್ಯಾಕೆ ಬೇಕು ಕಣೇ?"

ಆ ನಗುವಿನ ಮೇಲೇ ನನಗೆ ಮೊದಲ ಸಿಟ್ಟು.

ಗುಡ್ಡ ಹತ್ತುವ ಮುಂಚೆ ಲೇಔಟಿನ ಮ್ಯಾನೇಜರ್ ಗಡಿಯಾರ ನೋಡಿಕೊಂಡ. "ಪ್ಲಾನೂ ಗೀನೂ ಅಂತ ಕೂತ್ರೆ ಬಿಸಿಲು ಇಳಿದೋಗುತ್ತೆ ಸಾರ್. ನಿಮ್ ಕೈಚಳಕ ನೋಡೇ ಕರೆಸಿದ್ದು, ಕೈಯಲ್ಲೇ ಹೊಡೀರಿ." ನಾನು ಬೇಡ ಎಂದೆ. ನೀವು ನನ್ನ ಕಡೆ ತಿರುಗಲೂ ಇಲ್ಲ. ಹೊರಗಿನವನ ಒಂದು ಹೊಗಳಿಕೆ ಹೆಂಡತಿಯ ಮಾತಿಗಿಂತ ದೊಡ್ಡದಾಯಿತಲ್ಲ?

ನಾನು ಕೆಳಗೆ ಕಮಾನಿನ ಹತ್ತಿರ, ಯಾರೂ ಅಡ್ಡ ಬರದಂತೆ ಕಾಯುತ್ತಿದ್ದೆ. ಫೋನಿನಲ್ಲಿ ನಿಮ್ಮ ದನಿ ಕೇಳುತ್ತಿತ್ತು. "ಬಂಡೆ ಅಡ್ಡ ಬರ್ತಿದೆ. ಒಂಚೂರು ಎಡಕ್ಕೆ ಹೋಗ್ತೀನಿ, ಇನ್ನೊಂಚೂರು..." ಕಣ್ಣು ಪರದೆಯ ಮೇಲೆ, ಕಾಲು ಬಂಡೆಯ ಅಂಚಿನಲ್ಲಿ. ಆಮೇಲೆ ನಿಮ್ಮ ಜೊತೆ ಹತ್ತಿದ್ದ ಮ್ಯಾನೇಜರನ ಕಿರುಚಾಟ, ಅಷ್ಟೇ. ನಾನು ಏದುಸಿರಲ್ಲಿ ಮೇಲೆ ಹತ್ತಿ ಬರುವಷ್ಟರಲ್ಲಿ ಡ್ರೋನ್ ತಾನು ಹೊರಟಿದ್ದ ಜಾಗಕ್ಕೆ ತಾನಾಗಿ ಬಂದಿಳಿದಿತ್ತು. ಅದಕ್ಕೆ ಮನೆಗೆ ಮರಳುವುದು ಗೊತ್ತಿತ್ತು. ನಿಮಗೆ...

ತಿಂಗಳು ಕಳೆದ ಮೇಲೆ ಎದುರಂಗಡಿಯ ಹುಡುಗಿ ಫೋನ್ ಹಿಡಿದು ಬಂದಳು. "ಅಕ್ಕ, ಇದು ಅಣ್ಣ ತೆಗ್ದಿದ್ದಲ್ವಾ?" ಆ ಗುಡ್ಡ, ಆ ಕಮಾನು, ಹಿಂದೆ ನಾದಸ್ವರ. ಗಲಾಟೆಯಲ್ಲಿ ಡ್ರೋನಿನ ಮೆಮೊರಿ ಕಾರ್ಡನ್ನು ಯಾರು ತೆಗೆದುಕೊಂಡರು ಎಂದು ಅವತ್ತು ಗೊತ್ತಾಯಿತು. ನೀವು ಬಿದ್ದ ಕ್ಷಣಕ್ಕೆ ಸರಿಯಾಗಿ ಕತ್ತರಿಸಿ, ಅಲ್ಲಿಗೆ ಬುಕಿಂಗ್ ನಂಬರ್ ಅಂಟಿಸಿದ್ದರು. ಮಣ್ಣಿಗೆ ಒಬ್ಬರೂ ಬರದಿದ್ದವರು.

ಅವರ ಆಫೀಸಿಗೆ ಹೋದೆ. ಅದೇ ಮ್ಯಾನೇಜರ್ ಕಾಫಿ ತರಿಸಿದ. "ಚೆನ್ನಾಗಿ ಬಂದಿದೆ ಅಂತ ಹಾಕಿದ್ವಮ್ಮ. ಅವ್ರಿಗೂ ಒಂದು ಗೌರವ ತಾನೆ?"

"ಗೌರವ ಅಂದ್ರೆ ಅಲ್ಲಿಗೆ ಕತ್ತರಿಸ್ಬಾರ್ದು. ತೆಗ್ದವ್ರು ಬಿದ್ರು ಅಂತಾನೂ ಹಾಕಿ."

ಕಾಫಿ ಮುಟ್ಟದೆ ಎದ್ದೆ. ಸೈಟು ನೋಡಲು ಬಂದ ಪ್ರತಿಯೊಬ್ಬರಿಗೂ ಬಾಗಿಲಲ್ಲೇ ನಿಂತು, ಈ ವಿಡಿಯೊ ತೆಗೆಯುತ್ತಾ ನನ್ನ ಗಂಡ ಸತ್ತರು ಎಂದು ಹೇಳಿದೆ. ಗಟ್ಟಿಯಾಗಿ ಕೂಗಲಿಲ್ಲ, ಅಳಲಿಲ್ಲ. ಒಂದು ಸಂಸಾರ ಚಪ್ಪಲಿ ಹಾಕಿಕೊಂಡು ಹಿಂದಕ್ಕೆ ಹೋಯಿತು, ಇನ್ನೊಂದೂ ಹೋಯಿತು. ಸಂಜೆಯೊಳಗೆ ವಿಡಿಯೊ ತೆಗೆದು, ಕಾರ್ಡ್ ನನ್ನ ಕೈಗಿಟ್ಟರು.

ಅದನ್ನು ನೋಡಿದೆ. ಒಂದೇ ಸಲ. ಏನು ಹೇಳಲಿ? ಕಮಾನು ನಟ್ಟನಡುವೆಯೇ ಇತ್ತು, ಕೊನೆಯವರೆಗೂ. ಅಷ್ಟು ಚೆನ್ನಾಗಿ ಹಾರಿಸುತ್ತಿದ್ದಿರಿ ಎಂಬುದಕ್ಕೇ ಇನ್ನಷ್ಟು ಸಿಟ್ಟು ಬಂತು. ಜಗತ್ತಿನಲ್ಲಿ ಯಾರಿಗೆ ಬೇಕಿತ್ತು ಆ ಕಮಾನು?

ಈಗ ನಿಮಗೆ ಗೊತ್ತಿರದ ಸುದ್ದಿ. ನನಗೆ ಡ್ರೋನ್ ಪೈಲಟ್ ಸರ್ಟಿಫಿಕೇಟ್ ಬಂತು. ಹೋದ ವಾರ ಸಾದಲಿಯಲ್ಲಿ ಹಿಪ್ಪುನೇರಳೆ ತೋಟದ ನಡುವೆ ಒಂದು ಹಳೆಯ ಕಲ್ಲುಮಂಟಪ ಚಿತ್ರೀಕರಿಸಬೇಕಿತ್ತು. ಬಿಂದುಗಳನ್ನು ಮನೆಯಲ್ಲೇ ಇಟ್ಟುಕೊಂಡು ಹೋಗಿದ್ದೆ. ಆದರೂ ಪರದೆ ನೋಡುವವರೊಬ್ಬರು, ಆಕಾಶ ನೋಡುವವರೊಬ್ಬರು ಬೇಕಲ್ಲ? ಹೊರಡುವಾಗ ಅತ್ತೆ ಸೆರಗು ಸಿಕ್ಕಿಸಿಕೊಂಡು ಗಾಡಿ ಹತ್ತಿರ ಬಂದು ನಿಂತರು. ನೀವು ಹೋದಂದಿನಿಂದ ಆ ಯಂತ್ರದ ಸದ್ದು ಕೇಳಿದರೆ ಒಳಕೋಣೆ ಸೇರುತ್ತಿದ್ದವರು.

ತೋಟದ ಬದುವಿನ ಮೇಲೆ ಕುರ್ಚಿ ಹಾಕಿ ಕೂರಿಸಿದೆ. "ನೀನು ಕೆಳಗ್ ನೋಡ್ಕೊ ಕಣಮ್ಮ, ಮೇಲೆ ನಾನ್ ನೋಡ್ತೀನಿ," ಎಂದರು. ಡ್ರೋನ್ ಸುತ್ತು ಹಾಕಿ ಬರುವವರೆಗೂ ನಿಮ್ಮಮ್ಮ ಕತ್ತು ಇಳಿಸಲಿಲ್ಲ, ರೀ. ಕಣ್ಣಲ್ಲಿ ನೀರು ಹರಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. "ಅದಿಗೋ, ಐತೆ... ಐತೆ..." ಎನ್ನುತ್ತಲೇ ಇದ್ದರು.

ಶೈಲ