ತಕಾಮಾತ್ಸುವಿನ ಹಾಸಿಗೆ ಕೋಣೆ

ನವೆಂಬರ್ ೫, ಮಂಗಳವಾರ. ಬೆಳಿಗ್ಗೆ ೬.೪೦. ಕ್ಯೋತೋ

ಮತ್ತೆ ಸೂರಿಗೆ ತಲೆ ತಗುಲಿಸಿಕೊಂಡೆ. ಈ ಪೆಟ್ಟಿಗೆ ಹೋಟೆಲಿನಲ್ಲಿ ಎದ್ದು ಕೂರುವಂತಿಲ್ಲ, ಮೊದಲು ತೆವಳಿ ಹೊರಗೆ ಬರಬೇಕು. ಎರಡನೆಯ ದಿನವೂ ಮರೆತೆ. ಗೋಡೆಯುದ್ದಕ್ಕೂ ಒಂದರ ಮೇಲೊಂದು ಪೆಟ್ಟಿಗೆ, ನನ್ನದು ಮೇಲಿನ ಸಾಲು. ಅರವತ್ತೊಂಬತ್ತರ ಮಂಡಿಗೆ ಕಬ್ಬಿಣದ ಏಣಿ. ಕೆಳಗಿನವನ ಅಲಾರಂ ಐದಕ್ಕೆ ಶುರುವಾಯಿತು. ಐದೂವರೆಗೆ ನಿಂತಿತು. ಅವನು ಇನ್ನೂ ಎದ್ದಿಲ್ಲ.

ಆದರೂ ದೂರುವಂತಿಲ್ಲ. ಎಲೆ ಕೆಂಪಾಗುವ ಕಾಲದಲ್ಲಿ ಕ್ಯೋತೋದಲ್ಲಿ ಇಷ್ಟು ಅಗ್ಗಕ್ಕೆ ಮಲಗಲು ಜಾಗ ಸಿಕ್ಕಿದ್ದೇ ದೊಡ್ಡದು. ಹೆಂಡತಿ ಹಿಸಾಯೊ ಇದ್ದಿದ್ದರೆ ಇದಕ್ಕಿಂತ ಅಗ್ಗದ್ದು, ಕಿಟಕಿ ಇರುವುದು, ಹುಡುಕುತ್ತಿದ್ದಳು. ಯಾವ ಊರಾಗಲಿ, ರೈಲಿಳಿದವಳೇ ನಿಲ್ದಾಣದ ಫೋನ್ ಬೂತಿನೊಳಗೆ. ಹತ್ತು ಯೆನ್ ನಾಣ್ಯಗಳನ್ನು ಗೋಪುರದ ಹಾಗೆ ಪೇರಿಸಿ, ಡೈರೆಕ್ಟರಿ ತಿರುವಿ, ಒಂದಾದ ಮೇಲೊಂದು ಲಾಡ್ಜಿಗೆ ಫೋನು. ನಾನು ಹೊರಗೆ ಎರಡೂ ಚೀಲ ಹಿಡಿದು ನಿಲ್ಲುವವನು. ಗಾಜಿನಾಚೆ ಅವಳು ಫೋನಿಗೇ ಸೊಂಟ ಬಗ್ಗಿಸಿ ನಮಸ್ಕರಿಸಿದಳೆಂದರೆ ಕೋಣೆ ಸಿಕ್ಕಿತು. ಆಮೇಲೆ ಮೊಬೈಲ್ ಬಂತು. ಅದಕ್ಕೂ ಬಗ್ಗುತ್ತಿದ್ದಳು. ಮೂವತ್ತೊಂಬತ್ತು ವರ್ಷ, ಪ್ರತಿ ಶರತ್ಕಾಲ. ನಾನು ಒಮ್ಮೆಯೂ ಫೋನ್ ಮಾಡಲಿಲ್ಲ.

ಅವಳು ಹೋಗಿ ಮೂರು ವರ್ಷ. ಒಬ್ಬನೇ ಹೊರಟದ್ದು ಇದೇ ಮೊದಲು. ಹೋಗಬೇಕಾದದ್ದು ತಕಾಮಾತ್ಸುವಿಗೆ — ಕೊಮೊರಿ ಲಾಡ್ಜಿನ ಹಾಸಿಗೆ ಕೋಣೆ. ಅಲ್ಲಿ ಇನ್ನೊಂದು ರಾತ್ರಿ. ಅಷ್ಟೇ ಬೇಕು. ಉಳಿದ ಊರುಗಳೆಲ್ಲ ದಾರಿ.

ನವೆಂಬರ್ ೬, ಬುಧವಾರ. ಸಂಜೆ. ಓಸಾಕಾ

ಹಿಂದೆ ದಿನಗೂಲಿಯವರು ಮಲಗುತ್ತಿದ್ದ ಬೀದಿ. ಈಗ ಬೆನ್ನಿಗೆ ಚೀಲ ಹಾಕಿಕೊಂಡ ವಿದೇಶಿಯರು. ಕೋಣೆ ಮೂರು ಚಾಪೆಯಷ್ಟು, ಕೈ ಚಾಚಿದರೆ ಎರಡೂ ಗೋಡೆ. ಕೌಂಟರಿನಲ್ಲಿ ಕೂದಲಿಗೆ ನೇರಳೆ ಬಣ್ಣ ಹಚ್ಚಿದ ಹೆಂಗಸು, ನನ್ನದೇ ವಯಸ್ಸಿರಬಹುದು.

"ಸ್ನಾನ ಒಂಬತ್ತಕ್ಕೆ ಮುಚ್ಚುತ್ತೆ ಅಜ್ಜೋರೆ. ಅಡುಗೆಮನೆ ಎಲ್ಲರದ್ದು. ಫ್ರಿಜ್ಜಲ್ಲಿ ಇಟ್ಟಿದ್ದಕ್ಕೆ ಹೆಸರು ಬರೀರಿ. ಬರೀದಿದ್ರೆ ನಾನೇ ತಿಂತೀನಿ."

ಕೋಣೆಗೆ ಬಂದು ಹಿಸಾಯೊಳ ಪುಸ್ತಕ ತೆಗೆದೆ. ಉಳಿದುಕೊಂಡ ಲಾಡ್ಜುಗಳದೆಲ್ಲ ಫೋನ್ ನಂಬರು, ಪಕ್ಕದಲ್ಲಿ ಒಂದೊಂದು ಸಾಲು. 'ಗೋಡೆ ತೆಳು, ಪಕ್ಕದವನು ಹಾಡುತ್ತಾನೆ.' 'ಸೂಪು ಚೆನ್ನ, ಯಜಮಾನ ಸಿಡುಕ.' ಕೊಮೊರಿಯ ಮುಂದೆ: 'ಇನ್ನೊಮ್ಮೆ.' ಆ ಇನ್ನೊಮ್ಮೆ ಆಗಲೇ ಇಲ್ಲ. ಪ್ರತಿ ವರ್ಷ ಹೊಸ ಊರು ಎನ್ನುತ್ತಿದ್ದವನು ನಾನು.

ಕೊಮೊರಿಯ ಹಳೇ ನಂಬರಿಗೆ ಫೋನ್ ಹೋಗಲಿಲ್ಲ. ತಕಾಮಾತ್ಸು ನಿಲ್ದಾಣದ ಮಾಹಿತಿ ಕೌಂಟರಿನವರು ಹೊಸದನ್ನು ಕೊಟ್ಟರು. ಫೋನ್ ಎತ್ತಿದ್ದು ಒಬ್ಬ ಹೆಂಗಸು.

"ಎಷ್ಟು ಜನ?"

"ಒಬ್ಬ."

"ಕ್ಷಮಿಸ್ಬೇಕು. ನಮ್ಮಲ್ಲಿ ಇಬ್ಬರಾದ್ರೂ ಇರ್ಬೇಕು."

"ಇಬ್ಬರ ಬಾಡಿಗೆ ಕೊಡ್ತೀನಿ."

"ಬಾಡಿಗೆ ಪ್ರಶ್ನೆ ಅಲ್ಲ. ದಯವಿಟ್ಟು ಬೇಜಾರು ಮಾಡ್ಕೋಬೇಡಿ."

ಇಟ್ಟುಬಿಟ್ಟರು.

ನವೆಂಬರ್ ೭, ಗುರುವಾರ. ಓಸಾಕಾ

ಬೆಳಿಗ್ಗೆ ನೇರಳೆ ಕೂದಲಿನ ಹೆಂಗಸಿನ ಹತ್ತಿರ ಹೇಳಿಕೊಂಡೆ. ನಕ್ಕಳು.

"ಹಳೇ ಲಾಡ್ಜುಗಳದ್ದು ಅದೇ ಪದ್ಧತಿ ಅಲ್ವಾ? ಒಂಟಿ ಮುದುಕ ಬಂದು ಕೋಣೆ ಕೇಳಿದ್ರೆ ಹೆದರ್ತಾರೆ. ಬೆಳಿಗ್ಗೆ ಬಾಗಿಲು ತೆಗೀಲಿಲ್ಲ ಅಂದ್ರೆ?"

"ನಾನು ಹಾಗೆ ಕಾಣ್ತೀನಾ?"

ಮೇಲಿಂದ ಕೆಳಗೆ ನೋಡಿದಳು. "ಶೇವ್ ಮಾಡ್ಕೊಂಡ್ರೆ ಇಲ್ಲ."

ಸಿಟ್ಟು ಬಂತು. ಟೊಯೊಹಾಶಿಯಲ್ಲಿ ಮೂವತ್ತಾರು ವರ್ಷ ಮನೆಮನೆಯ ನೀರಿನ ಮೀಟರ್ ನೋಡಿದವನು ನಾನು. ಯಾವ ಗೇಟಿನಲ್ಲೂ ಯಾರೂ ಹೆದರಿರಲಿಲ್ಲ. ಆದರೂ ಶೇವ್ ಮಾಡಿಕೊಂಡೆ.

೭೭ರ ಸೆಪ್ಟೆಂಬರ್. ಮದುವೆಯಾಗಿ ನಾಲ್ಕು ತಿಂಗಳು. ತಕಾಮಾತ್ಸುವಿನಿಂದ ವಾಪಸು ಹೊರಟಿದ್ದೆವು. ಬಿರುಗಾಳಿ, ಹಡಗು ನಿಂತಿತು. ಆಗ ಆ ದ್ವೀಪಕ್ಕೆ ಸೇತುವೆ ಎಲ್ಲಿತ್ತು? ಬಂದರಿನ ತುಂಬ ಜನ, ಊರಿನ ಲಾಡ್ಜೆಲ್ಲ ಭರ್ತಿ. ಹಿಸಾಯೊ ಬೂತಿನಲ್ಲಿ ಮುಕ್ಕಾಲು ಗಂಟೆ. ಹೊರಗೆ ಸಾಲು ನಿಂತವರು ಬಯ್ಯುತ್ತಿದ್ದರು, ಅವಳ ಪರವಾಗಿ ನಾನು ಬಗ್ಗಿ ಬಗ್ಗಿ ಕ್ಷಮೆ ಕೇಳುತ್ತಿದ್ದೆ. ಕೊನೆಗೆ ಗಾಜಿನಾಚೆ ಅವಳೂ ಬಗ್ಗಿದಳು. 'ಕೋಣೆಯಿಲ್ಲ, ಹಾಸಿಗೆ ಇಡುವ ಜಾಗವಿದೆ' ಅಂದರಂತೆ. ಎರಡೂ ಗೋಡೆಗೆ ಸೂರಿನವರೆಗೆ ಮಡಚಿ ಪೇರಿಸಿದ ಹಾಸಿಗೆ, ನಡುವೆ ಒಂದು ಓಣಿ. ಆ ಓಣಿಯಲ್ಲಿ ನಾವು. ರಾತ್ರಿ ಗಾಳಿಗೆ ಮನೆ ಅಲುಗಿ ಒಂದು ರಾಶಿ ನಮ್ಮ ಮೇಲೆ ಬಿತ್ತು. ಮನೆಯವರಿಗೆ ಕೇಳಬಾರದೆಂದು ಹಿಸಾಯೊ ದುಪ್ಪಟಿ ಬಾಯಿಗೆ ತುರುಕಿಕೊಂಡು ನಕ್ಕಳು. ನಗು ನಿಲ್ಲಲೇ ಇಲ್ಲ. ಅಂಥ ನಗುವಿನ ಹೆಂಗಸನ್ನು ಮದುವೆಯಾಗಿದ್ದೇನೆ ಎಂದು ಆ ರಾತ್ರಿಯೇ ಗೊತ್ತಾದದ್ದು. ಅಲ್ಲಿಯವರೆಗೆ ಇಬ್ಬರೂ ಮರ್ಯಾದೆಯಿಂದ ಇದ್ದೆವು.

ಮಧ್ಯಾಹ್ನ ನೋಬುಕೊ ಫೋನು. ಹಿಸಾಯೊಳ ತಂಗಿ.

"ಭಾವ, ಎಲ್ಲಿ ಇಳ್ಕೊಂಡಿದ್ದೀರಿ?"

"ಹೋಟೆಲ್ ಅಂತ ಬೋರ್ಡಿದೆ."

"ಅಂದ್ರೆ ಹೋಟೆಲ್ ಅಲ್ಲ ಅಂತಾಯ್ತು."

"ನೋಬುಕೊ, ಒಂದು ದಿನ ತಕಾಮಾತ್ಸುವಿಗೆ ಬರ್ತೀಯಾ? ಅಲ್ಲಿ ಇಬ್ಬರಿರಬೇಕಂತೆ."

"ನಾನಾ? ಹಾಸಿಗೆ ಕೋಣೆಗಾ? ಈ ವಯಸ್ಸಲ್ಲಿ ನನ್ನ ಮರ್ಯಾದೆ ಕಳೀಬೇಡಿ ಭಾವ! ನಮ್ಮನೆಯವ್ರು ಏನಂತಾರೆ?"

"ಅವನನ್ನೂ ಕರ್ಕೊಂಡು ಬಾ."

"ಅವರ ಗೊರಕೆಗೆ ಆ ಲಾಡ್ಜೇ ಬೀಳುತ್ತೆ." ನಕ್ಕಳು. ಆಮೇಲೆ ದನಿ ಇಳಿಸಿ, "ಅಕ್ಕ ಅಲ್ಲಿರಲ್ಲ ಭಾವ."

"ಗೊತ್ತು."

"ಗೊತ್ತಿದ್ರೆ ಮನೆಗೆ ಬನ್ನಿ."

ನವೆಂಬರ್ ೮, ಶುಕ್ರವಾರ. ಓಸಾಕಾ

ಬೆಳಿಗ್ಗೆ ಅಡುಗೆಮನೆಯಲ್ಲಿ ಒಬ್ಬ ಕೆನಡಾದವನು. ಬಾಗಿಲಿಗೆ ತಲೆ ತಗ್ಗಿಸುವಷ್ಟು ಎತ್ತರ, ಬಿಳಿ ಗಡ್ಡ. ಬ್ರೆಡ್ಡು ಸುಡುತ್ತಿದ್ದ. ಕಾಲೇಜಿನಲ್ಲಿ ಎರಡು ವರ್ಷ ಇಂಗ್ಲಿಷ್ ಓದಿದ್ದೇನಲ್ಲ, ಬಿಡಲಿಲ್ಲ.

"ಗುಡ್ ಮಾರ್ನಿಂಗ್. ಇಟ್ ಈಸ್ ಎ ಫೈನ್ ಡೇ."

ಹೊರಗೆ ಮೋಡ. ಅವನು ಹೌದು ಎಂದ. ಆಮೇಲೆ ಕೇಳಿದ — ಒಬ್ಬರೇ ಬಂದಿದ್ದೀರಾ, ಹೆಂಡತಿ ಎಲ್ಲಿ. ಅರ್ಥವಾಯಿತು. ಉತ್ತರಕ್ಕೆ ಬೇಕಾದ ಪದ ಬರಲಿಲ್ಲ. ಪರೀಕ್ಷೆಗೆ ಉರು ಹೊಡೆದ ವಾಕ್ಯವೊಂದು ಬಂತು.

"ಮೈ ವೈಫ್ ಈಸ್ ನಾಟ್ ಅಟ್ ಹೋಮ್."

"ಲಕ್ಕಿ ಮ್ಯಾನ್!" ಎಂದು ಬೆನ್ನು ತಟ್ಟಿದ. ನಾನೂ ನಕ್ಕೆ. ಪಾಪ, ಅವನ ತಪ್ಪೇನು. ಅರ್ಧ ಬ್ರೆಡ್ಡು ಕೊಟ್ಟ.

ಕೋಣೆಗೆ ಬಂದ ಮೇಲೆ ಆ ವಾಕ್ಯ ತಲೆಯಲ್ಲೇ ಕೂತಿತು. ನಾಟ್ ಅಟ್ ಹೋಮ್. ಸುಳ್ಳೂ ಅಲ್ಲ. ಮನೆಯಲ್ಲಿಲ್ಲ ಎಂದರೆ ಎಲ್ಲೋ ಹೋಗಿದ್ದಾಳೆ, ಬರುತ್ತಾಳೆ.

ಹನ್ನೊಂದು ಗಂಟೆಗೆ ಕೊಮೊರಿಗೆ ಫೋನ್ ಮಾಡಿದೆ.

"ಸೋಮವಾರಕ್ಕೆ. ಇಬ್ಬರು. ನಾನು, ನನ್ನ ಹೆಂಡತಿ."

"ಅಯ್ಯೋ ಬನ್ನಿ ಬನ್ನಿ! ಊಟ ಎರಡು ಮಾಡಿಸ್ಲಾ? ಅಮ್ಮಾವ್ರಿಗೆ ತಿನ್ನಬಾರದ್ದು ಏನಾದ್ರೂ ಇದ್ಯಾ?"

"ಸಿಗಡಿ. ಮೈ ತುರಿಸುತ್ತೆ ಅವಳಿಗೆ."

ಅದು ನಿಜ. ಸಿಗಡಿ ಹಿಸಾಯೊಳಿಗೆ ಆಗುತ್ತಿರಲಿಲ್ಲ. ಫೋನ್ ಇಟ್ಟಾಗ ನೋಡುತ್ತೇನೆ, ಮೂರು ಚಾಪೆಯ ಕೋಣೆಯಲ್ಲಿ ಒಬ್ಬನೇ ಸೊಂಟ ಬಗ್ಗಿಸಿ ನಿಂತಿದ್ದೇನೆ.

ನವೆಂಬರ್ ೧೦, ಭಾನುವಾರ. ಓಕಾಯಾಮಾ

ನಿನ್ನೆ ಬರೆಯಲಿಲ್ಲ. ಬರೆಯುವ ಮುಖವಿರಲಿಲ್ಲ.

ಇಲ್ಲಿ ಸೌನಾ ಸ್ನಾನಗೃಹದಲ್ಲಿ ಮಲಗುವುದು. ಬೆವರಿಳಿಸಿ, ಮಿಂದು, ಅವರೇ ಕೊಟ್ಟ ಪೈಜಾಮ ತೊಟ್ಟು ಒರಗು ಕುರ್ಚಿಯಲ್ಲಿ ಬೆಳಗು ಮಾಡುವುದು. ಐವತ್ತು ಕುರ್ಚಿ, ಐವತ್ತು ಗಂಡಸರು, ಎಲ್ಲರಿಗೂ ಒಂದೇ ಕಂದು ಪೈಜಾಮ. ಅಗ್ಗ. ಹೆಂಗಸರಿಗೆ ಇಲ್ಲ, ಹಾಗಾಗಿ ಹಿಸಾಯೊಳ ಪುಸ್ತಕದಲ್ಲೂ ಇಲ್ಲ.

ಬುಕಿಂಗ್ ಬೇಡ ಎಂದುಬಿಡಲು ಎರಡು ಸಲ ಫೋನ್ ಎತ್ತಿದೆ. ಆ ಹೆಂಗಸು ಈ ಹೊತ್ತಿಗೆ ಮೀನಿಗೆ ಹೇಳಿಟ್ಟಿರುತ್ತಾಳೆ. ಸಿಗಡಿ ಬಿಟ್ಟು ಬೇರೆ ಏನು ಮಾಡುವುದೆಂದು ಯೋಚಿಸಿರುತ್ತಾಳೆ. ಇಲ್ಲದ ಒಬ್ಬಳ ಮೈ ತುರಿಕೆಗೆ. ಎಂಥ ಕೆಲಸ ಮಾಡಿದೆ.

ಆದರೂ ಎತ್ತಿದ ಫೋನನ್ನು ಎರಡು ಸಲವೂ ಇಟ್ಟೆ.

ನವೆಂಬರ್ ೧೧, ಸೋಮವಾರ. ರಾತ್ರಿ ೮.೩೦. ತಕಾಮಾತ್ಸು

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ರೈಲಿನಲ್ಲಿ ಸೇತುವೆ ದಾಟಲು ಹೆಚ್ಚು ಹೊತ್ತಾಗಲಿಲ್ಲ. ಹಿಂದೆ ಹಡಗಿನಲ್ಲಿ ಒಂದು ಗಂಟೆ. ಡೆಕ್ಕಿನ ಮೇಲೆ ಗಾಳಿಗೆ ಬೆನ್ನು ಕೊಟ್ಟು ನಿಂತು ಬಿಸಿ ಉದೋನ್ ಶಾವಿಗೆ ಹೀರುವುದು. ಸಮುದ್ರದ ಉಪ್ಪೋ ಸೂಪಿನ ಉಪ್ಪೋ ತಿಳಿಯುತ್ತಿರಲಿಲ್ಲ. ಇಳಿದ ಮೇಲೆ ಊರಲ್ಲಿ ತಿಂದೆ. ಚೆನ್ನಾಗಿತ್ತು. ಆದರೆ ಆ ರುಚಿಯಲ್ಲ.

ಲಾಡ್ಜಿನ ಬಾಗಿಲಲ್ಲಿ ಎರಡು ಜೊತೆ ಚಪ್ಪಲಿ ಜೋಡಿಸಿಟ್ಟಿತ್ತು, ಒಂದು ದೊಡ್ಡದು, ಒಂದು ಚಿಕ್ಕದು. ಯಜಮಾನ್ತಿ ಅರವತ್ತು ದಾಟಿದವಳು, ಸಣ್ಣ ಆಳು, ದೊಡ್ಡ ದನಿ. ೭೭ರ ಯಜಮಾನ್ತಿಯ ಮಗಳಂತೆ.

"ಬನ್ನಿ ಬನ್ನಿ ಕುವಾಬಾರಾ ಅವ್ರೇ. ಅಮ್ಮಾವ್ರು?"

"ಹಿಂದೆ ಬರ್ತಿದ್ದಾಳೆ."

ನಾಲಿಗೆ ತಾನೇ ಹೇಳಿತು.

ಐದೂವರೆಗೆ ಮೇಲೆ ಬಂದಳು. "ಬಂದ್ರಾ?" ಆರಕ್ಕೆ ಬಂದಳು. "ಮೀನು ಆರಿ ಹೋಗುತ್ತಲ್ಲ." ಆರೂಕಾಲಿಗೆ ಎರಡು ಊಟದ ತಟ್ಟೆ ತಂದು ಎದುರುಬದುರು ಇಟ್ಟಳು. "ಕತ್ತಲಾಯ್ತು. ನಮ್ಮ ತಮ್ಮನ್ನ ಸ್ಕೂಟರಲ್ಲಿ ನಿಲ್ದಾಣಕ್ಕೆ ಕಳಿಸ್ತೀನಿ. ಯಾವ ಬಣ್ಣದ ಕೋಟು ಅಮ್ಮಾವ್ರದ್ದು?"

ಹಣೆ ಚಾಪೆಗೆ ತಾಗುವಂತೆ ಬಗ್ಗಿದೆ.

"ಬರೋದಿಲ್ಲ. ಅವಳು ಹೋಗಿ ಮೂರು ವರ್ಷವಾಯ್ತು. ಒಬ್ಬ ಅಂದ್ರೆ ನೀವು ಕೊಡಲಿಲ್ಲ."

ಎಷ್ಟು ಹೊತ್ತು ಬಗ್ಗಿದ್ದೆನೋ.

"ತಲೆ ಎತ್ತಿ," ಎಂದಳು. ದನಿ ಗಟ್ಟಿಯಾಗಿತ್ತು. "ಸತ್ತವರಿಗೆ ಸಿಗಡಿ ಬೇಡ ಅಂತ ಹೇಳಿದ್ರಲ್ಲ, ನಾಚಿಕೆ ಆಗ್ಲಿಲ್ವಾ?"

"ಆಯ್ತು."

"ಹದಿನಾಲ್ಕು ವರ್ಷದ ಹಿಂದೆ ಒಬ್ರು ಬಂದಿದ್ರು. ಹೀಗೇ, ಶೇವ್ ಮಾಡ್ಕೊಂಡು, ಇಸ್ತ್ರಿ ಶರಟು. ಒಳ್ಳೆ ಮನುಷ್ಯ. ಬೆಳಿಗ್ಗೆ ಬಾಗಿಲು ತಟ್ಟಿದ್ದು ನಾನು." ನನ್ನ ತಟ್ಟೆಯನ್ನು ಹತ್ತಿರ ಸರಿಸಿದಳು. "ನೇರವಾಗಿ ಕೇಳ್ತೀನಿ. ನಾಳೆ ಬೆಳಿಗ್ಗೆ ಏಳ್ತೀರಾ?"

"ಆರೂವರೆಗೆ. ಮೊಟ್ಟೆ ಅರ್ಧ ಬೆಂದಿರಬೇಕು."

ನನ್ನನ್ನೇ ನೋಡಿದಳು. ಆಮೇಲೆ ಏಪ್ರನ್ ಬಿಚ್ಚಿ, ಮಡಚಿ, ಎದುರಿನ ತಟ್ಟೆಯ ಮುಂದೆ ಕೂತಳು.

"ಎರಡು ಊಟ ಮಾಡಿದ್ದೀನಿ, ಎಸೆಯೋಕಾಗಲ್ಲ. ತಿನ್ನಿ."

ತಿಂದೆವು. ಮೀನು ಆರಿತ್ತು. ಆರಿದ್ದಕ್ಕೆ ಇಡೀ ಊಟ ಮುಗಿಯುವವರೆಗೆ ಬಯ್ದಳು.

ಹಾಸಿಗೆ ಕೋಣೆಯ ಕಥೆ ಹೇಳಿದೆ. ಅವಳಿಗೆ ನೆನಪಿಲ್ಲ. "ಆ ಗಾಳಿಗೆ ಅಡುಗೆಮನೆಯಲ್ಲೂ ಜನ ಮಲಗಿದ್ರು. ನೀವ್ಯಾರು ಅಂತ ನಮಗೇನು ಗೊತ್ತು?" ಎಂದಳು. ಆದರೂ ಕರೆದುಕೊಂಡು ಹೋಗಿ ಬಾಗಿಲು ಸರಿಸಿ ತೋರಿಸಿದಳು. ಒಂದು ಬದಿ ಈಗಲೂ ಹಾಸಿಗೆ ರಾಶಿ. ಇನ್ನೊಂದು ಬದಿ ಎರಡು ವಾಷಿಂಗ್ ಮಷಿನ್. ಸೋಪಿನ ಪರಿಮಳ. ಆಗ ಇದ್ದದ್ದು ಹತ್ತಿಯ, ಬಿಸಿಲಿನ ವಾಸನೆ. ಕಣ್ಣು ಮುಚ್ಚಿ ನಿಂತೆ. ಏನೂ ಬರಲಿಲ್ಲ. ಇಷ್ಟು ದೂರ ಬಂದು, ಇಷ್ಟು ಸುಳ್ಳು ಹೇಳಿ — ಏನೂ ಇಲ್ಲ.

"ಇಲ್ಲಿ ಮಲಗಬಹುದಾ?"

"ಗಿರಾಕೀನ ಬಟ್ಟೆ ಒಗೆಯೋ ಕೋಣೇಲಿ ಮಲಗಿಸಿದ್ರೆ ನಮ್ಮಮ್ಮ ಎದ್ದು ಬರ್ತಾಳೆ."

"ನಮ್ಮನ್ನ ಇಲ್ಲಿ ಮಲಗಿಸಿದ್ದು ನಿಮ್ಮಮ್ಮನೇ."

ರಾಶಿಯಿಂದ ಒಂದು ಹಾಸಿಗೆ ಎಳೆದಳು.

"ಬಾಗಿಲು ಹಾಕ್ಬಾರದು. ರಾತ್ರಿಯಿಡೀ ತೆರೆದಿರ್ಬೇಕು. ಒಪ್ಪಿದ್ರೆ ಮಲಗಿ."

ಒಪ್ಪಿದೆ.

ನವೆಂಬರ್ ೧೨, ಮಂಗಳವಾರ. ಬೆಳಿಗ್ಗೆ ೮.೧೫

ನಿದ್ದೆ ಬಂತು. ಮನೆಯಲ್ಲೂ ಇಷ್ಟು ಬಂದಿರಲಿಲ್ಲ. ಯಾವ ರಾಶಿಯೂ ಬೀಳಲಿಲ್ಲ. ನಡುವೆ ಎರಡು ಮೂರು ಸಲ ಹೊರಗೆ ಚಪ್ಪಲಿ ಸದ್ದು. ತೆರೆದ ಬಾಗಿಲಿನವರೆಗೆ ಬಂದು, ನಿಂತು, ಹೋಗುತ್ತಿತ್ತು. ಕೊನೆಯ ಸಲ ಎಚ್ಚರವಿದ್ದೆ. "ಇದ್ದೀನಿ," ಎಂದೆ. "ಇರಿ," ಎಂದು ಉತ್ತರ ಬಂತು.

ಮೊಟ್ಟೆ ಕಲ್ಲಿನ ಹಾಗೆ ಬೆಂದಿತ್ತು. ಪೂರ್ತಿ ತಿಂದೆ.

ಹಿಸಾಯೊಳ ಪುಸ್ತಕದಲ್ಲಿ ಕೊಮೊರಿಯ ಕೆಳಗೆ ಏನಾದರೂ ಬರೆಯೋಣವೆಂದು ಪೆನ್ನು ಹಿಡಿದು ಕೂತಿದ್ದೆ. ಅವಳ ಅಕ್ಷರದ ಪಕ್ಕ ನನ್ನದು ಚೆನ್ನಾಗಿ ಕಾಣುವುದಿಲ್ಲ. ನನಗೇ ಒಂದು ಹೊಸ ಪುಸ್ತಕ ತೆಗೆದುಕೊಳ್ಳಬೇಕು. ಕ್ಯೋತೋದ ಪೆಟ್ಟಿಗೆ, ತಲೆ ಜೋಪಾನ. ಓಸಾಕಾ, ಫ್ರಿಜ್ಜಿನಲ್ಲಿಟ್ಟದ್ದಕ್ಕೆ ಹೆಸರು. ಓಕಾಯಾಮಾ —

ಅಂಗಳದಿಂದ ಯಜಮಾನ್ತಿ ಕೂಗುತ್ತಿದ್ದಾಳೆ. ಒಗೆದ ದೊಡ್ಡ ದುಪ್ಪಟಿಗಳನ್ನು ಹಿಂಡಿ ಹರವಬೇಕಂತೆ, ತಮ್ಮ ಮಾರ್ಕೆಟ್ಟಿಗೆ ಹೋಗಿದ್ದಾನಂತೆ. "ಕುವಾಬಾರಾ ಅವ್ರೇ! ಬರಿತಾ ಕೂತ್ರೆ ಬಟ್ಟೆ ಒಣಗುತ್ತಾ? ಈ ತುದಿ ಹಿಡ್ಕೊಳ್ಳಿ ಬನ್ನಿ, ನೆಲಕ್ಕೆ ತಾಗುತ್ತೆ!" ಕಿಟಕಿಯಿಂದ ನೋಡಿದರೆ ಗಾಳಿ ಜೋರಾಗಿದೆ. ದುಪ್ಪಟಿ ಅವಳ ಮೈಗೆ ಸುತ್ತಿಕೊಂಡು ಮುಖವೇ ಕಾಣುತ್ತಿಲ್ಲ, ಒಳಗಿನಿಂದ ಬಯ್ಯುತ್ತಿದ್ದಾಳೆ, ಇನ್ನೊಂದು ತುದಿ ನೆಲಕ್ಕೆ ತಾಗುವ ಮೊದಲು ಹೋಗಿ ಹಿಡಿಯಬೇಕು —