ಹಸಿರು ಬಿದ್ದ ಊರಿನ ದಾರಿ

ಮಾರ್ಚ್ 4, ಸೋಮವಾರ

ಸೇತುವೆ ಊರಿನ ಸ್ಕೋರ್‌ಕಾರ್ಡ್ ಇವತ್ತು ಮುಗಿಯಿತು. ಕೂಗಿ ಕೂಗಿ ಗಂಟಲು ಕೂತಿದೆ. ಕಾರ್ಡ್ ಅಂತ ಹೆಸರಿಗೆ, ಬಾಗಿಲಗಲದ ರಟ್ಟು ಅದು. ಒಂದೊಂದು ಪ್ರಶ್ನೆಗೂ ಮೂರು ಡಬ್ಬಿ — ಹಸಿರು, ಹಳದಿ, ಕೆಂಪು. ಕಳೆದ ಏಳು ದಿನದಲ್ಲಿ ಬೇಳೆ ತಿಂದಿರಾ, ಎಣ್ಣೆ ಇತ್ತಾ, ಮನೆಯಲ್ಲಿ ಯಾರಾದರೂ ಊಟ ಬಿಟ್ಟರಾ, ಬಿತ್ತನೆ ಬೀಜ ಹೊತ್ತಿಗೆ ಸರಿಯಾಗಿ ಬಂತಾ. ಜನ ಬಂದು ಡಬ್ಬಿಗೆ ಸೋಡಾ ಮುಚ್ಚಳ ಹಾಕಬೇಕು. ನಾನು ಎಣಿಸಿ, ರಟ್ಟಿಗೆ ಬಣ್ಣ ಹಚ್ಚಿ, ಊರಿಗೆಲ್ಲ ಕಾಣುವ ಹಾಗೆ ಗೋಡೌನಿನ ಗೋಡೆಗೆ ಮೊಳೆ ಹೊಡೆಯಬೇಕು.

ಒಬ್ಬ ಮುದುಕ ಕೆಂಪಿಗೆ ಹಾಕಲು ಹೋದ. ಹೆಂಗಸರ ಸಂಘದ ಮುಖ್ಯಸ್ಥೆ — ಊರೆಲ್ಲ ದೊಡ್ಡಕ್ಕ ಅನ್ನುತ್ತದೆ — ಅವನ ಮುಂಗೈ ಹಿಡಿದಳು. "ಮಾವ, ನಿನ್ನೆ ತಾನೇ ಮೂರು ಸಲ ಹಾಕಿಸ್ಕೊಂಡು ತಿಂದೆ. ತಿಂದ ಬಾಯಲ್ಲೇ ಸುಳ್ಳು ಹೇಳ್ತೀಯಾ? ಮೇಡಂ ಮುಂದೆ ಊರಿನ ಮರ್ಯಾದೆ ತೆಗೀಬೇಡ." ಎಲ್ಲರೂ ನಕ್ಕರು. ಮುದುಕನೂ ನಕ್ಕ. ಹಸಿರು ಡಬ್ಬಿ ತುಂಬಿ ಚೆಲ್ಲಿತು.

ತುಂಬದೆ ಏನು ಮಾಡೀತು? ನಮ್ಮ ಪರಿಹಾರ ಸಂಸ್ಥೆಯ ಜೋಳದ ಲಾರಿ ಅಲ್ಲಿಗೆ ಹೋದದ್ದು ಹೋದ ವಾರವೇ. ಓಡಿಸಿದ್ದು ನನ್ನ ಗಂಡ ಮಹಾಶಯರೇ. ಮುಂದಿನ ತಿಂಗಳು ಮಾಡಬೇಕಿದ್ದ ಕಾರ್ಡ್, ಮೇಲಿನವರ ಮೀಟಿಂಗ್ ಬೇಗ ಬಂತೆಂದು ನಮ್ಮ ಸಾಹೇಬರು ಈಗಲೇ ಮುಗಿಸಿ ಅಂದರು. ಉಣಬಡಿಸಿ, ಕೈ ತೊಳೆಯುವ ಮೊದಲೇ ಹಸಿವಾಗಿದೆಯಾ ಎಂದು ಕೇಳಿದ ಹಾಗಾಯಿತು.

ಮಾರ್ಚ್ 6, ಬುಧವಾರ

ಗುಡ್ಡದ ಊರು. ದಾರಿಗೆ ಬಂಡೆ ಉರುಳಿದ್ದರಿಂದ ಅಲ್ಲಿಗಿನ್ನೂ ಲಾರಿ ಹೋಗಿಲ್ಲ. ಕೊನೆಯ ಏರು ನಡೆದೇ ಹತ್ತಿದೆ. ಮನೆ ಮನೆಯಲ್ಲೂ ಒಲೆಯಲ್ಲಿ ಬೆಕ್ಕು ಮಲಗಿದೆ. ಪೂರ್ತಿ ಕೆಂಪು. ಒಬ್ಬ ಬುದ್ಧಿಗೇಡಿ ಹಳದಿಗೆ ಒಂದು ಮುಚ್ಚಳ ಹಾಕಿದ. ಪಕ್ಕದವನು ಅವನ ಬಾಯಿಗೇ ಗುದ್ದಿದ. ಹಲ್ಲು ಬಂದು ನನ್ನ ರಟ್ಟಿನ ಮೇಲೆ ಬಿತ್ತು. ಒರೆಸಿ ಕೆಂಪು ಹಚ್ಚಿದೆ, ಏನು ಮಾಡಲಿ.

ಆಫೀಸಿನಲ್ಲಿ ಸಾಹೇಬರಿಗೆ ಹೇಳಿದೆ. ಒಂದು ಊರನ್ನು ಊಟ ಆದ ಮೇಲೆ ಕೇಳಿದ್ದೇವೆ, ಇನ್ನೊಂದನ್ನು ಊಟಕ್ಕೆ ಮೊದಲು, ಎರಡನ್ನೂ ಪಕ್ಕಪಕ್ಕ ಇಡಬೇಡಿ ಎಂದೆ. ಬಾಯಿ ತೆರೆದರೆ ಶೇಕಡಾ ಲೆಕ್ಕವೇ ಉದುರುವುದರಿಂದ ಅವರಿಗೆ ನಾವಿಟ್ಟ ಹೆಸರು ಪರ್ಸೆಂಟ್. ಪರ್ಸೆಂಟ್ ಹೇಳಿದರು: "ಮೇಡಂ, ಈ ಸಲ ಹಸಿರು ನಲವತ್ತು ಪರ್ಸೆಂಟ್ ದಾಟಿದೆ. ದುಡ್ಡು ಕೊಡೋರು ಖುಷಿಯಾಗಿದ್ದಾರೆ. ನೀವ್ಯಾಕೆ ಮೊಸರಲ್ಲಿ ಕಲ್ಲು ಹುಡುಕ್ತೀರಾ?"

ಏಪ್ರಿಲ್ 2, ಮಂಗಳವಾರ

ಆರ್ಡರ್ ಬಂತು. ಹಸಿರು ಬಿದ್ದ ಊರುಗಳು "ಪಾಸಾಗಿವೆ". ಇನ್ನು ಅಲ್ಲಿಗೆ ಕಾಳಿಲ್ಲ, ಬೇಳೆಯಿಲ್ಲ, ಎಣ್ಣೆಯಿಲ್ಲ. ಬಿತ್ತನೆ ಬೀಜ ಮಾತ್ರ. ಚೀಲಗಳೆಲ್ಲ ಕೆಂಪು ಊರಿಗೆ.

ದಾರಿಯ ಬಂಡೆ ತೆಗೆದಾಗಿದೆ, ಆದರೆ ಗುಡ್ಡದ ಊರಿಗೆ ಇರುವುದೊಂದೇ ದಾರಿ. ಸೇತುವೆ ಊರಿನ ಎದೆ ಮೇಲೆ ಹಾದು ಹೋಗಬೇಕು. ಊಟದ ಹೊತ್ತಿಗೆ ಹೇಳಿದೆ. ಇವರು ತುತ್ತು ಕೈಯಲ್ಲೇ ಹಿಡಿದು ಕೂತರು. ಅತ್ತೆ ಅಂದರು: "ಹಸಿದೋರ ಕಣ್ಣೆದುರಿಗೆ ತಟ್ಟೆ ದಾಟಿಸಿದ್ರೆ ಯಾರಾದ್ರೂ ಸುಮ್ನಿರ್ತಾರಾ? ಕೈ ಕಚ್ತಾರೆ."

ಏಪ್ರಿಲ್ 11, ಗುರುವಾರ

ಎಡಗೈಯಲ್ಲಿ ಪೆನ್ನು ಹಿಡಿದುಕೊಂಡು ಬರೆಯುತ್ತಿದ್ದೇನೆ. ಬಲಗೈ ಹೆಬ್ಬೆರಳು ಬಾತಿದೆ.

ಪಾಸಾದ ಸುದ್ದಿ ಹೇಳಿ ಬನ್ನಿ ಎಂದು ಪರ್ಸೆಂಟ್ ನನ್ನನ್ನೇ ಸೇತುವೆ ಊರಿಗೆ ಕಳಿಸಿದರು. ಅಭಿನಂದನೆ ಅನ್ನಬೇಕಂತೆ. ಅಂದೆ. ಇನ್ನು ಕಾಳು ಬರುವುದಿಲ್ಲ ಎಂದೂ ಹೇಳಿದೆ. ಆಮೇಲೆ ಹಿಂದಿನಿಂದ ಯಾರೋ ಜಡೆಗೆ ಕೈ ಹಾಕಿದರು. ನೆಲಕ್ಕೆ ಬಿದ್ದೆ. ಒದ್ದರು — ಪಕ್ಕೆಗೆ, ತೊಡೆಗೆ. ಬಾಯಿಗೆ ಸಿಕ್ಕಿದ ಒಂದು ಕೈಯನ್ನು ಕಚ್ಚಿದೆ, ರಕ್ತ ಬರುವ ತನಕ ಬಿಡಲಿಲ್ಲ. ಯಾರ ಕೈಯೋ. ಬಿಡಬಾರದು ಅನ್ನಿಸಿತ್ತು, ಅದು ನಿಜ.

ದೊಡ್ಡಕ್ಕ ನುಗ್ಗಿ ಬಂದು ಅವರನ್ನೆಲ್ಲ ದಬ್ಬಿ ನನ್ನನ್ನು ಎತ್ತಿ ನಿಲ್ಲಿಸಿದಳು. ಸೀರೆಗೆ ಹತ್ತಿದ ಮಣ್ಣು ಕೊಡವಿದಳು. ಆಮೇಲೆ ಅವಳೇ ಕೆನ್ನೆಗೆ ಬಾರಿಸಿದಳು. ಕಿವಿ ಗುಂಯ್ ಅಂತು.

"ಅವತ್ತು ನಿಜ ಹೇಳಿ ಅಂತ ಎಲ್ಲರ ಕೈ ಹಿಡಿದೋಳು ನಾನು. ನಿಜ ಹೇಳಿದ್ರೆ ಅನ್ನ ಕಿತ್ಕೋತೀರಿ ಅಂತ ಒಂದು ಮಾತು ಹೇಳ್ಬಾರದಿತ್ತಾ ನೀನು?"

ನನಗೇ ಗೊತ್ತಿರಲಿಲ್ಲ ಎಂದೆ. ಅವಳು ನಂಬಿದಳು ಅನ್ನಿಸಿತು. ಅದಕ್ಕೇ ಇನ್ನೂ ಉರಿಯುತ್ತಿದೆ.

ಏಪ್ರಿಲ್ 12, ಶುಕ್ರವಾರ

ನಿನ್ನೆ ನಾನು ಬಂದ ಮೇಲೆ, ಮಧ್ಯಾಹ್ನ, ಮೀಸೆಯಣ್ಣನ ಲಾರಿ ಆ ದಾರಿಯಲ್ಲಿ ಹೋಗಿದೆ. ಇವರ ಜೊತೆಯ ಡ್ರೈವರ್ ಅವನು, ಮೀಸೆ ಬಿಟ್ಟರೆ ಮೈಯಲ್ಲಿ ಏನೂ ಇಲ್ಲದ ಪಾಪದ ಪ್ರಾಣಿ. ಸೇತುವೆ ಮೇಲೆ ಅಡ್ಡ ಹಾಕಿದ್ದಾರೆ. ನಿಲ್ಲಿಸಿದ. ಮಾತಾಡೋಣ ಅಂತ ಕೆಳಗಿಳಿದ. ಅವನದೇ ಜಾಕ್ ರಾಡಿನಿಂದ ಎರಡೂ ಕೈ ಮುರಿದು, ಅರ್ಧ ಲೋಡು ಹೊತ್ತೊಯ್ದರು. ಆಸ್ಪತ್ರೆಯಲ್ಲಿ ನೋಡಿದೆ. ಮೊಣಕೈ ಕೆಳಗೆ ಮೂಳೆ ಚರ್ಮ ಹರಿದು ಹೊರಗೆ ಬಂದಿದೆ. ನೊಣ ಓಡಿಸಿಕೊಳ್ಳಲು ಅವನಿಗೆ ಕೈಯಿಲ್ಲ. ಅವನ ಹೆಂಡತಿ ಬೀಸಣಿಗೆ ಹಿಡಿದು ಕೂತಿದ್ದಾಳೆ, ನನ್ನ ಮುಖ ನೋಡಲಿಲ್ಲ.

ಅಲ್ಲಿಂದ ಸೀದಾ ಪರ್ಸೆಂಟ್ ರೂಮಿಗೆ. ಕಾರ್ಡ್ ಮತ್ತೆ ಮಾಡಿಸಿ, ಈ ವಾರವೇ ಮಾಡಿಸಿ ಎಂದೆ. "ಜೂನಲ್ಲಿ ಮುಂದಿನ ರೌಂಡ್ ಇದೆಯಲ್ಲ ಮೇಡಂ. ಹೊಡೆದೋರಿಗೆ ಕೆಂಪು ಕೊಟ್ರೆ ನಾಳೆ ಎಲ್ಲಾ ಊರೂ ಹೊಡೆಯುತ್ತೆ." ಮೇಜಿನ ಮೇಲೆ ಗಾಜಿನ ಪೇಪರ್‌ವೇಟ್ ಇತ್ತು. ಎಸೆದೆ. ಹಣೆ ಒಡೆಯಿತು. ಕರವಸ್ತ್ರ ಒತ್ತಿಕೊಂಡು, ದನಿ ಏರಿಸದೆ, ಅಂದರು: "ಇದನ್ನ ನಾನು ಎಲ್ಲೂ ಬರೆಯಲ್ಲ. ಆದ್ರೆ ಸೋಮವಾರ ಲಾರಿ ಹೋಗ್ಲೇಬೇಕು. ಮೀಸೆ ಇಲ್ಲ ಅಂದ್ಮೇಲೆ ನಿಮ್ಮೆಜಮಾನ್ರೇ."

ಏಪ್ರಿಲ್ 14, ಭಾನುವಾರ

ಇಡೀ ದಿನ ಜಗಳ. ಹೋಗಬೇಡಿ ಎಂದೆ, ಕೆಲಸ ಬಿಡಿ ಎಂದೆ, ಅತ್ತೆಯ ಕೈಲೂ ಹೇಳಿಸಿದೆ. ಇವರದು ಒಂದೇ ಮಾತು. "ಗುಡ್ಡದೋರು ಏನು ತಿನ್ಬೇಕು? ಅಲ್ಲಿ ಕೆಂಪು ಹಚ್ಚಿ ಬಂದಿದ್ದು ನೀನೇ ತಾನೇ?"

ಅತ್ತ ದರಿ, ಇತ್ತ ಪುಲಿ. ಕೊನೆಗೆ ಷರ್ಟ್ ಹಿಡಿದು ಹೇಳಿದೆ — ಮೀಸೆಯಣ್ಣ ನಿಲ್ಲಿಸಿದ್ದಕ್ಕೇ ಕೆಟ್ಟ. ಯಾರೇ ಅಡ್ಡ ಬರಲಿ, ಏನೇ ಆಗಲಿ, ಬ್ರೇಕ್ ಮೇಲೆ ಕಾಲಿಡಬೇಡಿ. ನನ್ನಾಣೆ. ಇವರು ಹೂಂ ಅಂದರು.

ಏಪ್ರಿಲ್ 15, ಬೆಳಿಗ್ಗೆ

ಹೋದರು. ಅತ್ತೆ ಬೆಳ್ಳುಳ್ಳಿ ಸುಲಿಯುತ್ತಿದ್ದಾರೆ, ಒಂದು ವರ್ಷಕ್ಕಾಗುವಷ್ಟು. ಇವರ ಫೋನ್ ಸಿಗುತ್ತಿಲ್ಲ. ದಾರಿಯಲ್ಲಿ ಸಿಗ್ನಲ್ ಇಲ್ಲ ಅಷ್ಟೇ. ಅಷ್ಟೇ.

ಏಪ್ರಿಲ್ 15, ಸಂಜೆ

ಬಂದರು. ಜೀವಂತ ಬಂದರು. ಮುಂದಿನ ಗಾಜು ಪೂರ್ತಿ ಹೋಗಿದೆ, ಹುಬ್ಬಿನಲ್ಲಿ ಚೂರು ನೆಟ್ಟಿದೆ, ಅಂಗಿಯೆಲ್ಲ ರಕ್ತ. ಓಡಿ ಹೋಗಿ ತಬ್ಬಿಕೊಂಡೆ. ನಕ್ಕೆ. ಬೀದಿಯಲ್ಲಿ ನಿಂತು ಹುಚ್ಚಿಯ ಹಾಗೆ ನಕ್ಕೆ, ಇವರು ನಗಲಿಲ್ಲ. ಅತ್ತೆ ಲಾರಿಯ ಮುಂದೆ ಹೋಗಿ ನಿಂತವರು ಹಾಗೇ ಕೂತುಬಿಟ್ಟರು.

ಬಂಪರಿನಲ್ಲಿ ಸೀರೆಯ ಚೂರು. ಅದರ ಜೊತೆ ಕೂದಲು, ಬೇರು ಸಮೇತ.

"ಗೋಡೆ ಮೇಲಿನ ರಟ್ಟು ಕಿತ್ಕೊಂಡು ಬಂದು ರಸ್ತೆ ಮಧ್ಯೆ ನಿಂತಿದ್ಲು," ಅಂದರು. "ಕೈಯಲ್ಲಿ ಬೇರೇನೂ ಇರ್ಲಿಲ್ಲ. ಕಲ್ಲು ಹೊಡೀತಿದ್ದೋರು ಬದೀಲಿದ್ರು. ಅವಳು ಅವರಿಗೆ ಬೇಡ ಬೇಡ ಅಂತ ಕೈ ಮಾಡ್ತಿದ್ಲು. ಹಾರ್ನ್ ಹೊಡ್ದೆ. ಸರೀತಾಳೆ ಅಂದ್ಕೊಂಡೆ."

ಯಾರು ಎಂದು ನಾನು ಕೇಳಲಿಲ್ಲ. ದೊಡ್ಡಕ್ಕನೇ, ಇನ್ಯಾರು. ಮುಂದಿನ ಚಕ್ರ ಹತ್ತಿತು, ಹಿಂದಿನದೂ ಹತ್ತಿತು ಎಂದು ತಾವೇ ಹೇಳಿದರು. ಆಮೇಲೆ ಗುಡ್ಡ ಹತ್ತಿ, ಲೋಡು ಇಳಿಸಿ, ಪೊಲೀಸರ ಜೀಪಿನ ಹಿಂದೆ ವಾಪಸ್ ಬಂದಿದ್ದಾರೆ. ಅತ್ತೆ ಬಕೆಟ್ಟಿನಲ್ಲಿ ನೀರು ತಂದು ಬಂಪರ್ ತೊಳೆದರು. ನನಗೆ ಆಗಲಿಲ್ಲ.

ಏಪ್ರಿಲ್ 19, ಶುಕ್ರವಾರ

ಪೊಲೀಸರು ಹೇಳಿಕೆ ಬರೆದುಕೊಂಡು ಇವರನ್ನು ಬಿಟ್ಟರು. ಗುಂಪು ಕಲ್ಲು ತೂರುತ್ತಿತ್ತು, ಜೀವಭಯ, ಇತ್ಯಾದಿ. ಆ ಊರಿನವರು ನಮ್ಮ ಗೋಡೌನಿಗೆ ಬೆಂಕಿಯಿಟ್ಟಿದ್ದಾರೆ. ಕಾವಲುಗಾರ ಸುಟ್ಟ ಬೆನ್ನು ಹೊತ್ತು ಹೊರಗೆ ಓಡಿ ಬಂದನಂತೆ. ಬಿತ್ತನೆ ಬೀಜವೂ ಹೋಯಿತು.

ಪರ್ಸೆಂಟ್ ಹಣೆಗೆ ಪಟ್ಟಿ ಕಟ್ಟಿಕೊಂಡು ಮೀಟಿಂಗ್ ಮಾಡಿದರು. ಸಾವು, ಬೆಂಕಿ ಎರಡೂ ಆಗಿರುವುದರಿಂದ ನಿಯಮದ ಪ್ರಕಾರ ಸೇತುವೆ ಊರು ಈಗ ತಾನಾಗಿಯೇ ಕೆಂಪು. ಮುಂದಿನ ವಾರದಿಂದ ಕಾಳು ಶುರು. ಹೆಂಗಸು ಸತ್ತ ಮೇಲೆ ಕಾರ್ಡ್ ಬದಲಾಯಿತು.

ಏಪ್ರಿಲ್ 27, ಶನಿವಾರ

ಇವರು ಸರಿಯಾಗಿ ಉಂಡು ಎಷ್ಟೋ ದಿನವಾಯಿತು. ಮೊನ್ನೆ ಲಾರಿಯ ಪಕ್ಕದ ಕನ್ನಡಿಗೆ ಗುದ್ದಿ ಗುದ್ದಿ ಬೆರಳ ಗೆಣ್ಣು ಕಿತ್ತುಕೊಂಡರು.

ಬೆಳಿಗ್ಗೆ ದೊಡ್ಡಕ್ಕನ ತಮ್ಮ ಮನೆಗೇ ಬಂದ. ಒಳಗೆ ಕರೆದೆ, ಬರಲಿಲ್ಲ. ಹೊಸಲಿನಾಚೆ ನಿಂತೇ ಹೇಳಿದ. ಸೇತುವೆ ಮೇಲೆ ಮರ ಕಡಿದು ಹಾಕಿದ್ದಾರೆ. ಯಾವ ಲಾರಿಯನ್ನೂ ಬಿಡುವುದಿಲ್ಲ, ಅವರಿಗೂ ಬೇಡ, ಗುಡ್ಡಕ್ಕೂ ಇಲ್ಲ. "ಆ ಡ್ರೈವರೇ ತರ್ಬೇಕು. ಪೊಲೀಸ್ ಇಲ್ದೆ. ಅಕ್ಕನ ಮನೆ ಅಂಗಳದಲ್ಲಿ ಒಂದೊಂದು ಚೀಲಾನೂ ಅವನೇ ಬೆನ್ನ ಮೇಲೆ ಹೊತ್ತು ಇಳಿಸ್ಬೇಕು. ಆಮೇಲೆ ದಾರಿ ಬಿಡ್ತೀವಿ."

"ಅವರನ್ನ ಜೀವಸಹಿತ ಬಿಡ್ತೀರಾ?" ಎಂದೆ.

"ಅದನ್ನ ನಾನೊಬ್ಬ ಹೇಳಕ್ಕಾಗಲ್ಲ."

ಅವನು ಹೋದ ಮೇಲೆ ಇವರು ಕೀ ಕೇಳಿದರು. ಬಚ್ಚಿಟ್ಟಿದ್ದೆ. ಕೊಡುವುದಿಲ್ಲ ಎಂದೆ. ಹೊಡೆದೆ — ಎದೆಗೆ, ಮುಖಕ್ಕೆ, ಕೈ ಸೋಲುವ ತನಕ. ಮದುವೆಯಾಗಿ ಇಷ್ಟು ವರ್ಷದಲ್ಲಿ ಮೊದಲ ಸಲ. ನಿಲ್ಲಿಸಬೇಡಿ ಅಂದವಳು ನಾನು, ಹೋಗುವುದಾದರೆ ನಾನು ಹೋಗುತ್ತೇನೆ ಎಂದು ಕಿರುಚಿದೆ. ಇವರು ಹೊಡೆತ ತಪ್ಪಿಸಿಕೊಳ್ಳಲಿಲ್ಲ.

"ನೀನು ಮನೇಲಿ ಕೂತು ಹೇಳ್ದೆ. ಅವಳ ಕಣ್ಣು ನೋಡಿದ್ದು ನಾನು," ಅಂದರು. "ಕೊಡು."

ಅತ್ತೆ ಕೀ ಹುಡುಕಿ ತಂದುಕೊಟ್ಟರು. ಹೆತ್ತ ತಾಯಿ. ಅವರಿಗೆ ಏನೇನೋ ಅಂದುಬಿಟ್ಟೆ.

ಏಪ್ರಿಲ್ 29, ಸೋಮವಾರ, ಲಾರಿಯಲ್ಲಿ

ನಾನೂ ಹತ್ತಿ ಕೂತೆ. ಬೇಡ ಅಂದರು, ಇಳಿಯಲಿಲ್ಲ. ಸೇತುವೆಯ ಮೇಲಿನ ಮರ ಪಕ್ಕಕ್ಕೆ ಸರಿಸಿದ್ದಾರೆ.

ದೊಡ್ಡಕ್ಕನ ಅಂಗಳ. ಎಂಜಿನ್ ಆಫ್. ಊರಿಗೆ ಊರೇ ನಿಂತಿದೆ, ಗದ್ದಲವಿಲ್ಲ. ಕೆಲವರ ಕೈಯಲ್ಲಿ ದೊಣ್ಣೆ, ಕೆಲವರ ಕೈಯಲ್ಲಿ ಖಾಲಿ ಪಾತ್ರೆ. ಸುಮ್ಮನೆ ಕೂತರೆ ಕಿರುಚಿಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ. ಇವರು ನನ್ನ ಕಡೆ ಬಾಗಿಲ ಲಾಕ್ ಒತ್ತಿ, ತಮ್ಮ ಕಡೆಯಿಂದ ಇಳಿದರು.

ಮೊದಲ ಚೀಲ ಬೆನ್ನಿಗೆ ಹಾಕಿಕೊಂಡು ಹೊಸಲಿನ ಮುಂದಿಟ್ಟರು. ಯಾರೂ ಏನೂ ಮಾಡಲಿಲ್ಲ. ಎರಡನೆಯದು. ಮೂರನೆಯದು... ಬಿಡುತ್ತಾರೆ ಅನ್ನಿಸುತ್ತಿದೆ. ಒಬ್ಬ ಹೆಂಗಸು ಅಳುತ್ತಾ ಪಾತ್ರೆ ಹಿಡಿದು ಚೀಲದ ಹತ್ತಿರ ಕೂತಿದ್ದಾಳೆ. ಬಿಡುತ್ತಾರೆ.

ದೊಡ್ಡಕ್ಕನ ತಮ್ಮ ಮುಂದೆ ಬಂದ. ದೊಣ್ಣೆ. ಮೊಣಕಾಲಿಗೆ ಒಂದು — ಚೀಲ ಸಮೇತ ಬಿದ್ದರು. ಎದ್ದರು. ಚೀಲ ಮತ್ತೆ ಬೆನ್ನಿಗೆ ಎಳೆದುಕೊಳ್ಳುತ್ತಿದ್ದಾರೆ. ಇನ್ನೊಂದು. ಈಗ ಬೇರೆಯವರೂ. ತಲೆ ಮೇಲೆ ಕೈ ಕೂಡ ಇಟ್ಟುಕೊಳ್ಳುತ್ತಿಲ್ಲ ಇವರು, ಚೀಲ ಹಿಡಿದಿದ್ದಾರೆ, ಬಿಡಿ ಅಂದರೆ ಕೇಳುವುದಿಲ್ಲ, ಗಾಜು ಬಡಿದೆ ಯಾರೂ ಈ ಕಡೆ ನೋಡುತ್ತಿಲ್ಲ. ಈ ಬಾಗಿಲಿನ ಲಾಕ್ ಬಿಗಿ, ಎರಡೂ ಕೈ ಬೇಕು, ಪೆನ್ನು